ಸ್ಟಾಕ್ ಕಾರ್ ಓಟ: ನಾನು ಮೆಚ್ಚಿದ ಕೆಲವು ಸಾರಥಿಗಳು

ಮೋಟಾರು ಓಟದ ವಿಷಯದಲ್ಲಿ ನಾನು ತೀರ ಹೊಸಬ. 2022ರ ಡಿಸೆಂಬರಿನವರೆಗೆ ಸ್ಟಾಕ್ ಕಾರ್ ಎಂಬ ಮಾತನ್ನೇ ಕೇಳಿದವನಲ್ಲ. ಅಮೇರಿಕದ ಷಾರ್ಲಟ್ ನಗರದಲ್ಲಿ ಉದ್ಯೋಗದಲ್ಲಿರುವ ಅಕ್ಕನ ಮಗ ಆಗ ರಜೆಯಲ್ಲಿ ಊರಿಗೆ ಬಂದಿದ್ದ. ಒಂದು ಸಂಜೆ ಚಾವಡಿಯಲ್ಲಿ ಕುಳಿತಿದ್ದಾಗ ತನ್ನ ಫೋನನ್ನು ನನ್ನ ಮುಂದೆ ಹಿಡಿದು, "ಮಾವ, ಇದೊಂದು ನೋಡಿ. ಒಂದೇ ಸುತ್ತು, ಇಪ್ಪತ್ತು ಸೆಕೆಂಡು ಸಾಕು" ಎಂದ. ನೋಡಿದೆ. ಒಂದು ಕಾರು ಗೋಡೆಗೆ ಉಜ್ಜಿಕೊಂಡು, ಉಳಿದವುಗಳನ್ನು ಹಿಂದೆ ಹಾಕಿ ಓಡಿತು. ಬ್ರೇಕು ಹೋಗಿರಬೇಕು ಎಂದೆ. ಅವನು ನಕ್ಕ. "ಬ್ರೇಕು ಹೋದದ್ದಲ್ಲ ಮಾವ, ಬೇಕೆಂದೇ ಹಿಡಿಯದೆ ಇದ್ದದ್ದು."

ಆ ಚಾಲಕನ ಹೆಸರು ರಾಸ್ ಚಾಸ್ಟೈನ್. ಫ್ಲಾರಿಡಾ ರಾಜ್ಯದ ಆಲ್ವಾ ಎಂಬ ಊರಿನವನು. ಎಂಟು ತಲೆಮಾರಿನಿಂದ ಬೇಸಾಯ ಮಾಡಿಕೊಂಡು ಬಂದ ಮನೆತನ. ಬೆಳೆ ಕಲ್ಲಂಗಡಿ, ಅಂದರೆ ನಮ್ಮ ಕಡೆಯ ಬಚ್ಚಂಗಾಯಿ. ಓಟ ಗೆದ್ದ ದಿನ ಈತ ಕಾರಿನ ಮೇಲೆ ಹತ್ತಿ ನಿಂತು ಒಂದು ಬಚ್ಚಂಗಾಯಿಯನ್ನು ನೆಲಕ್ಕೆ ಅಪ್ಪಳಿಸಿ ಒಡೆಯುವುದು ರೂಢಿ. ತೆಂಗಿನಕಾಯಿ ಒಡೆಯುವ ನಮಗೆ ಇದು ಅಷ್ಟೇನೂ ವಿಚಿತ್ರವಾಗಿ ಕಾಣಲಾರದು.

ಆ ಒಂದು ಸುತ್ತಿನ ಕಥೆ ಹೀಗಿದೆ. 2022ರ ಅಕ್ಟೋಬರ್ 30, ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಓಟದ ಕಣ. ಸುತ್ತಳತೆ ಅರ್ಧ ಮೈಲಿಗೆ ಸ್ವಲ್ಪ ಹೆಚ್ಚು. ಎರಡು ನೇರ ದಾರಿ, ಎರಡು ತುದಿಯಲ್ಲೂ ಇಕ್ಕಟ್ಟಾದ ತಿರುವು. ವರ್ಷದ ಕೊನೆಯ ಓಟದಲ್ಲಿ ಪಟ್ಟಕ್ಕಾಗಿ ಸೆಣಸುವ ನಾಲ್ವರು ಯಾರೆಂಬುದು ಅಂದು ತೀರ್ಮಾನವಾಗಬೇಕಿತ್ತು. ಕೊನೆಯ ಸುತ್ತಿನಲ್ಲಿ ಚಾಸ್ಟೈನ್ ಹತ್ತನೆಯವನಾಗಿದ್ದ. ಡೆನ್ನಿ ಹ್ಯಾಮ್ಲಿನ್ ಎಂಬವನಿಗಿಂತ ಎರಡು ಅಂಕ ಕಡಿಮೆ. ಎರಡು ಸ್ಥಾನ ಮೇಲೇರಬೇಕು, ಉಳಿದಿರುವುದು ಅರ್ಧ ಸುತ್ತು. ತಿರುವು ಬಂದಾಗ ಎಲ್ಲರೂ ವೇಗ ತಗ್ಗಿಸಿದರು. ಈತ ಐದನೆಯ ಗೇರಿಗೆ ಹಾಕಿ, ವೇಗ ತಗ್ಗಿಸದೆ, ಕಾರನ್ನು ಹೊರಗಿನ ಗೋಡೆಗೆ ಆನಿಸಿಬಿಟ್ಟ. ಕಾರನ್ನು ತಿರುಗಿಸಿದ್ದು ಗೋಡೆ. ಐದು ಕಾರುಗಳನ್ನು ದಾಟಿದ. ಐದನೆಯವನೇ ಹ್ಯಾಮ್ಲಿನ್, ಅದೂ ಗೆರೆಯ ಹತ್ತಿರ. ಆ ಸುತ್ತಿಗೆ ಹಿಡಿದ ಸಮಯ 18.845 ಸೆಕೆಂಡು. ಆ ಕಣದಲ್ಲಿ ಸ್ಟಾಕ್ ಕಾರೊಂದು ಅಷ್ಟು ಬೇಗ ಸುತ್ತಿದ್ದು ಅದೇ ಮೊದಲು.

ಇದನ್ನು ಎಲ್ಲಿ ಕಲಿತೆ ಎಂದು ಕೇಳಿದವರಿಗೆ ಚಾಸ್ಟೈನ್ ಹೇಳಿದ್ದು, ಚಿಕ್ಕಂದಿನಲ್ಲಿ ತಮ್ಮನೊಡನೆ ಆಡುತ್ತಿದ್ದ ವಿಡಿಯೋ ಆಟದಲ್ಲಿ ಎಂದು. ಹತ್ತನೆಯ ತರಗತಿಯ ಹುಡುಗರಿಂದ ಫೋನು ಕಿತ್ತಿಡುವ ನನ್ನಂಥ ಮೇಷ್ಟರಿಗೆ ಇದು ಅನುಕೂಲದ ಉತ್ತರವಲ್ಲ. ಮುಂದಿನ ವರ್ಷ ಜನವರಿಯಲ್ಲಿ, ಇನ್ನು ಹಾಗೆ ಮಾಡಿದವರಿಗೆ ದಂಡ ಬೀಳುವುದೆಂದು ಅಧಿಕಾರಿಗಳು ಸಾರಿದರು. ಆದರೆ ಚಾಸ್ಟೈನ್‌ಗೆ ಸಿಕ್ಕಿದ ಸ್ಥಾನವನ್ನು ಕಿತ್ತುಕೊಳ್ಳಲಿಲ್ಲ. ಆ ವರ್ಷದ ಪಟ್ಟ ಜೋಯಿ ಲೊಗಾನೋ ಪಾಲಾಯಿತು, ಚಾಸ್ಟೈನ್ ಎರಡನೆಯವನಾದ.

ಅಲ್ಲಿಂದ ನನ್ನ ಕುತೂಹಲ ಬೆಳೆಯಿತು. ಇದೇಕೆ ಎಡಕ್ಕೆ ಮಾತ್ರ ತಿರುಗುವುದು, ಇದರಲ್ಲೇನು ಸ್ವಾರಸ್ಯ ಎಂದು ಮೊದಲು ಕೇಳುತ್ತಿದ್ದವನು, ಆಮೇಲೆ ಹಳೆಯ ಓಟಗಳ ಫಲಿತಾಂಶ ಹುಡುಕತೊಡಗಿದೆ. ಗಣಿತ ಕಲಿಸುವವನಾದ್ದರಿಂದಲೋ ಏನೋ, ನನ್ನ ಕಣ್ಣು ಹೋದದ್ದು ವೇಗಕ್ಕಿಂತ ಲೆಕ್ಕದ ಕಡೆಗೆ. ಈ ಓಟದಲ್ಲಿ ಗೆದ್ದವರು ಯಾರೆಂಬುದು ಎಷ್ಟೋ ಸಲ ಕಣದಲ್ಲಲ್ಲ, ಲೆಕ್ಕದ ಮೇಜಿನಲ್ಲಿ ತೀರ್ಮಾನವಾಗಿದೆ.

ಮೊದಲ ಓಟವೇ ಹಾಗೆ. ಬಿಲ್ ಫ್ರಾನ್ಸ್ ಎಂಬವರು ಡೇಟೋನಾ ಬೀಚಿನಲ್ಲಿ ಕೆಲವರನ್ನು ಸೇರಿಸಿ ಮಾತುಕತೆ ನಡೆಸಿ, 1948ರಲ್ಲಿ ನಾಸ್ಕಾರ್ ಸಂಸ್ಥೆಯನ್ನು ಹುಟ್ಟುಹಾಕಿದರು. ಅಂಗಡಿಯಲ್ಲಿ ಜನ ಕೊಳ್ಳುವಂಥ ಕಾರುಗಳನ್ನೇ ಹೆಚ್ಚು ಮಾರ್ಪಾಡಿಲ್ಲದೆ ಓಡಿಸುವುದು ಎಂಬ ನಿಯಮದಿಂದ ಸ್ಟಾಕ್ ಕಾರ್ ಎಂಬ ಹೆಸರು. (ಈಗಿನವು ಹೊರಗಿನ ರೂಪದಲ್ಲಷ್ಟೇ ಪೇಟೆಯ ಕಾರುಗಳು.) 1949ರ ಜೂನ್ 19ರಂದು ಷಾರ್ಲಟ್‌ನ ಮಣ್ಣಿನ ಕಣದಲ್ಲಿ ಮೊದಲಿಗನಾಗಿ ಗೆರೆ ದಾಟಿದವನು ಗ್ಲೆನ್ ಡನ್‌ವೇ. ಓಟ ಮುಗಿದ ಮೇಲೆ ಪರೀಕ್ಷಿಸಿದರೆ ಅವನ ಫೋರ್ಡ್ ಕಾರಿನ ಹಿಂದಿನ ಸ್ಪ್ರಿಂಗನ್ನು ಬಿಗಿಗೊಳಿಸಲಾಗಿತ್ತು. ಬಹುಮಾನ ಹೋದದ್ದು ಕನ್ಸಾಸ್‌ನಿಂದ ಲಿಂಕನ್ ಕಾರಿನಲ್ಲಿ ಬಂದಿದ್ದ ಜಿಮ್ ರೋಪರ್‌ಗೆ.

ಸ್ಪ್ರಿಂಗನ್ನು ಏಕೆ ಬಿಗಿಗೊಳಿಸಿದ್ದರು? ಆ ಕಾರು ಕಳ್ಳಭಟ್ಟಿ ಸಾಗಿಸುವ ಕಾರಾಗಿತ್ತು. ಅಮೇರಿಕದ ದಕ್ಷಿಣದ ಗುಡ್ಡಗಾಡಿನಲ್ಲಿ ತೆರಿಗೆ ತಪ್ಪಿಸಿ ಬಟ್ಟಿಯಿಳಿಸಿದ ಸಾರಾಯಿಯನ್ನು ರಾತ್ರಿಹೊತ್ತು ಪಟ್ಟಣಕ್ಕೆ ಒಯ್ಯುತ್ತಿದ್ದವರೇ ಈ ಓಟದ ಮೂಲಪುರುಷರಲ್ಲಿ ಹಲವರು. ಸಾರಾಯಿಯ ಭಾರಕ್ಕೆ ಕಾರಿನ ಹಿಂಭಾಗ ಕುಸಿಯಬಾರದು, ಅಬಕಾರಿಯವರ ಕಾರು ಹಿಂದೆ ಬಿದ್ದರೆ ಅದಕ್ಕೆ ಸಿಗಲೂಬಾರದು. ನಾರ್ತ್ ಕ್ಯಾರೊಲೈನಾದ ಜೂನಿಯರ್ ಜಾನ್ಸನ್ ಇವರಲ್ಲಿ ಪ್ರಖ್ಯಾತ. ರಸ್ತೆಯಲ್ಲಿ ಎಂದೂ ಸಿಕ್ಕಿಬೀಳದವನು 1956ರಲ್ಲಿ ತಂದೆಯ ಭಟ್ಟಿಯ ಬಳಿ ಸಿಕ್ಕಿ ಹನ್ನೊಂದು ತಿಂಗಳು ಸೆರೆಮನೆಯಲ್ಲಿದ್ದ. ಹೊರಬಂದವನು ಮತ್ತೆ ಓಟಕ್ಕಿಳಿದ. ಒಟ್ಟು ಗೆದ್ದದ್ದು 50. 1960ರ ಡೇಟೋನಾ 500 ಓಟದಲ್ಲಿ ಅವನ ಶೆವ್ರೊಲೆಯ ವೇಗ ಇತರರದಕ್ಕಿಂತ ಕಡಿಮೆ. ಆದರೆ ಮುಂದಿನ ಕಾರಿನ ಬಾಲಕ್ಕೆ ಅಂಟಿಕೊಂಡು ಹೋದರೆ ಗಾಳಿಯ ತಡೆ ತಗ್ಗಿ ತನ್ನ ಕಾರೂ ಅದೇ ವೇಗದಲ್ಲಿ ಸಾಗುವುದೆಂದು ಅಭ್ಯಾಸದಲ್ಲಿ ಕಂಡುಕೊಂಡ, ಹಾಗೆಯೇ ಗೆದ್ದ. ಲಾರಿಯ ಹಿಂದೆ ಸೈಕಲ್ ತುಳಿದವರಿಗೆ ಇದು ಗೊತ್ತಿರುವ ವಿಷಯ. 1986ರಲ್ಲಿ ಅಧ್ಯಕ್ಷ ರೇಗನ್ ಅವನ ಹಳೆಯ ಅಪರಾಧವನ್ನು ಕ್ಷಮಿಸಿದರು.

ಏಳು ಸಲ ಚಾಂಪಿಯನ್ ಆದ ಡೇಲ್ ಅರ್ನ್‌ಹಾರ್ಟ್, ಇನ್ನೂರು ಓಟ ಗೆದ್ದ ರಿಚರ್ಡ್ ಪೆಟ್ಟಿ, ಇವರನ್ನು ಬಿಟ್ಟು ಸ್ಟಾಕ್ ಕಾರಿನ ಮಾತೇ ಇಲ್ಲ ಎನ್ನುತ್ತಾನೆ ಸೋದರಳಿಯ. ಇರಬಹುದು. ಅರ್ನ್‌ಹಾರ್ಟ್ 2001ರ ಫೆಬ್ರವರಿ 18ರಂದು ಡೇಟೋನಾದ ಕೊನೆಯ ಸುತ್ತಿನಲ್ಲಿ ಗೋಡೆಗೆ ಬಡಿದು ಸತ್ತ. ಕತ್ತು ಮತ್ತು ತಲೆಗೆ ಆಧಾರ ಕೊಡುವ ಪಟ್ಟಿಯನ್ನು ಎಲ್ಲರೂ ಧರಿಸಲೇಬೇಕೆಂದಾದದ್ದು ಅದೇ ವರ್ಷ. ಗೋಡೆಗಳಿಗೆ ಆಘಾತ ಹೀರುವ ಹೊದಿಕೆ ಬಂದದ್ದು ಆಮೇಲೆ. ಚಾಸ್ಟೈನ್ ಗೋಡೆಗೆ ಉಜ್ಜಿಯೂ ನಡೆದುಕೊಂಡು ಹೋದನಲ್ಲ, ಅದರ ಹಿಂದೆ ಈ ಸಾವೂ ಇದೆ.

ನನ್ನ ಮೆಚ್ಚಿನ ಇನ್ನೊಬ್ಬ ಅಲನ್ ಕುಲ್ವಿಕಿ. ವಿಸ್ಕಾನ್ಸಿನ್‌ನವನು, ಇಂಜಿನಿಯರಿಂಗ್ ಓದಿದವನು. ದೊಡ್ಡ ಯಜಮಾನರ ಕಾರು ಓಡಿಸಲು ಕರೆ ಬಂದರೂ ಒಪ್ಪದೆ ತನ್ನದೇ ತಂಡ ಕಟ್ಟಿದ. 1992ರ ನವೆಂಬರ್ 15, ಅಟ್ಲಾಂಟಾದಲ್ಲಿ ವರ್ಷದ ಕೊನೆಯ ಓಟ. ಮುಂದಿದ್ದ ಡೇವಿ ಆಲಿಸನ್‌ಗಿಂತ ಕುಲ್ವಿಕಿ 30 ಅಂಕ ಹಿಂದೆ, ಬಿಲ್ ಎಲಿಯಟ್ 40 ಅಂಕ ಹಿಂದೆ. ಆಲಿಸನ್‌ನ ಕಾರು ಅಪಘಾತಕ್ಕೀಡಾಗಿ ಹಿಂದೆ ಬಿತ್ತು. ಉಳಿದವರು ಇಬ್ಬರು.

ಇಲ್ಲಿ ಲೆಕ್ಕವನ್ನು ಸ್ವಲ್ಪ ಗಮನಿಸಬೇಕು. ಆಗಿನ ನಿಯಮದಂತೆ ಗೆದ್ದವನಿಗೆ 175, ಎರಡನೆಯವನಿಗೆ 170. ಒಂದು ಸುತ್ತಾದರೂ ಮುಂದಿದ್ದವನಿಗೆ 5. ಎಲ್ಲರಿಗಿಂತ ಹೆಚ್ಚು ಸುತ್ತು ಮುಂದಿದ್ದವನಿಗೆ ಮತ್ತೂ 5. ಕುಲ್ವಿಕಿಯ ತಂಡ ಓಟದ ನಡುವೆಯೇ ಈ ಲೆಕ್ಕ ಹಾಕಿ, ಪೆಟ್ರೋಲಿಗಾಗಿ ಕಾರನ್ನು ಒಳಗೆ ಕರೆಸುವುದನ್ನು ಬೇಕೆಂದೇ ತಡಮಾಡಿತು. ಕೊನೆಗೆ ಗೆದ್ದವನು ಎಲಿಯಟ್, ಎರಡನೆಯವನು ಕುಲ್ವಿಕಿ. ಆದರೆ ಮುಂದಿದ್ದ ಸುತ್ತುಗಳು ಎಲಿಯಟ್‌ನದು 102, ಕುಲ್ವಿಕಿಯದು 103. ಅಂದಿನ ಅಂಕ ಇಬ್ಬರಿಗೂ 180, ಹಾಗಾಗಿ ಹಿಂದಿನ ಹತ್ತು ಅಂಕದ ಅಂತರ ಹಾಗೇ ಉಳಿದು ಕುಲ್ವಿಕಿ ಚಾಂಪಿಯನ್. ಆ ಒಂದು ಸುತ್ತು ಎಲಿಯಟ್‌ನ ಕಡೆಗೆ ಹೋಗಿದ್ದರೆ? ಇವನಿಗೆ 175, ಅವನಿಗೆ 185. ಒಟ್ಟು ಅಂಕ ಸಮ. ವರ್ಷದಲ್ಲಿ ಹೆಚ್ಚು ಓಟ ಗೆದ್ದವನೆಂದು ಪಟ್ಟ ಎಲಿಯಟ್‌ಗೆ. ಕರಿಹಲಗೆಯ ಮೇಲೆ ಇದನ್ನು ಬಿಡಿಸಿ ತೋರಿಸಿದ ದಿನ ನನ್ನ ತರಗತಿಯಲ್ಲಿ ಯಾರೂ ಆಕಳಿಸಲಿಲ್ಲ. ಐದು ತಿಂಗಳೂ ತುಂಬುವ ಮೊದಲೇ, 1993ರ ಏಪ್ರಿಲ್ 1ರಂದು ಕುಲ್ವಿಕಿ ವಿಮಾನ ಅಪಘಾತದಲ್ಲಿ ತೀರಿಕೊಂಡ.

ಕುಲ್ವಿಕಿಗೆ ಲೆಕ್ಕ ಕೈಹಿಡಿಯಿತು. ವೆಂಡೆಲ್ ಸ್ಕಾಟ್‌ಗೆ ಕೈಕೊಟ್ಟಿತು.

ಸ್ಕಾಟ್ ವರ್ಜೀನಿಯಾದ ಡ್ಯಾನ್‌ವಿಲ್ ಊರಿನ ಕರಿಯ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಮೆಕ್ಯಾನಿಕ್ಕಾಗಿದ್ದವನು, ಊರಲ್ಲಿ ಟ್ಯಾಕ್ಸಿ ಓಡಿಸಿದ, ಸಾರಾಯಿಯನ್ನೂ ಸಾಗಿಸಿದ. 1952ರಲ್ಲಿ ಅಲ್ಲಿನ ಓಟದ ಆಯೋಜಕರು, ಕರಿಯನೊಬ್ಬ ಓಡಿಸಿದರೆ ಜನ ಸೇರುತ್ತಾರೆಂದು ಯೋಚಿಸಿ, ಒಳ್ಳೆಯ ಚಾಲಕ ಯಾರೆಂದು ಪೋಲೀಸರನ್ನು ಕೇಳಿದರಂತೆ. ಬೆನ್ನಟ್ಟಿ ಸೋತಿದ್ದ ಪೋಲೀಸರು ಹೇಳಿದ್ದು ಸ್ಕಾಟ್‌ನ ಹೆಸರನ್ನು. ಬಿಳಿಯರು ಮತ್ತು ಕರಿಯರು ಒಂದೇ ಹೋಟೆಲಿನಲ್ಲಿ ಕುಳಿತು ಊಟ ಮಾಡಲಾಗದ ಕಾಲ ಅದು. ಬೇರೆಯವರು ಬಳಸಿ ಬಿಟ್ಟ ಕಾರುಗಳನ್ನು ಕೊಂಡು, ತಾನೇ ರಿಪೇರಿ ಮಾಡಿ, ಮಕ್ಕಳನ್ನೇ ಸಹಾಯಕ್ಕೆ ನಿಲ್ಲಿಸಿಕೊಂಡು ಸ್ಕಾಟ್ ಊರೂರು ಅಲೆದ. 1961ರಲ್ಲಿ ಮೇಲಿನ ದರ್ಜೆಯ ಓಟಕ್ಕೆ ಬಂದ.

1963ರ ಡಿಸೆಂಬರ್ 1. ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಅರ್ಧ ಮೈಲಿಯ ಮಣ್ಣಿನ ಕಣ, 200 ಸುತ್ತು. ಓಟ ಮುಗಿಯಲು ಇಪ್ಪತ್ತೈದು ಸುತ್ತು ಇರುವಾಗ ಸ್ಕಾಟ್ ರಿಚರ್ಡ್ ಪೆಟ್ಟಿಯನ್ನು ದಾಟಿದ. ಇನ್ನೂರು ಸುತ್ತು ಆಯಿತು. ಗೆರೆಯಲ್ಲಿ ಬಾವುಟ ಬೀಸಲಿಲ್ಲ. ಸ್ಕಾಟ್ ಮತ್ತೂ ಓಡಿಸಿದ. ಬಾವುಟ ಬಿದ್ದದ್ದು ಹಿಂದಿದ್ದ ಬಕ್ ಬೇಕರ್‌ಗೆ. ಟ್ರೋಫಿ, ಸುಂದರಿಯ ಮುತ್ತು, ಚಪ್ಪಾಳೆ ಎಲ್ಲವೂ ಬೇಕರ್‌ಗೆ. ಸ್ಕಾಟ್ ಬಿಡಲಿಲ್ಲ, ಲೆಕ್ಕ ನೋಡಿ ಎಂದ. ಗಂಟೆಗಟ್ಟಲೆ ಕಳೆದ ಮೇಲೆ ಕಾಗದಗಳನ್ನು ತಾಳೆ ನೋಡಿ, ಸ್ಕಾಟ್ 202 ಸುತ್ತು ಓಡಿಸಿದ್ದಾನೆ, ಗೆದ್ದವನು ಅವನೇ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಜನ ಮನೆಗೆ ಹೋಗಿದ್ದರು. ಟ್ರೋಫಿಯೂ ಹೋಗಿತ್ತು.

ಎಣಿಕೆಯಲ್ಲಿ ತಪ್ಪಾಯಿತು ಎಂದು ಅಧಿಕಾರಿಗಳು ಹೇಳಿದರು. ಬಿಳಿಯ ಹುಡುಗಿ ಜನರೆದುರು ಕರಿಯನಿಗೆ ಮುತ್ತು ಕೊಡುವುದನ್ನು ತಪ್ಪಿಸಲಿಕ್ಕೇ ಹೀಗಾದದ್ದು ಎಂದು ಸ್ಕಾಟ್ ನಂಬಿದ್ದ. ಒಂದು ಸುತ್ತು ತಪ್ಪುವುದು ಸಹಜ. ಎರಡು ಸುತ್ತು, ಅದೂ ಎಲ್ಲರಿಗಿಂತ ಮುಂದಿರುವ ಕಾರಿನದು? ನಾನು ಪರೀಕ್ಷಕನಾಗಿದ್ದರೆ ಆ ಕಾಗದಗಳನ್ನು ಇನ್ನೊಮ್ಮೆ ತರಿಸಿ ನೋಡುತ್ತಿದ್ದೆ.

ಸ್ಕಾಟ್ ಓಡಿಸಿದ್ದು ಒಟ್ಟು 495 ಓಟ. ಗೆದ್ದದ್ದು ಆ ಒಂದೇ. 1973ರಲ್ಲಿ ಟಾಲಡೀಗಾದ ಭಾರೀ ಅಪಘಾತ ಅವನ ಓಟದ ಬದುಕಿಗೆ ಕೊನೆ ಹಾಡಿತು. 1977ರಲ್ಲಿ ಅವನ ಬಗ್ಗೆ ಸಿನೆಮಾ ಬಂತು. 1990ರ ಡಿಸೆಂಬರಿನಲ್ಲಿ ತೀರಿಕೊಂಡ. 2015ರಲ್ಲಿ ಷಾರ್ಲಟ್‌ನ ಗೌರವ ಮಂದಿರದಲ್ಲಿ ಅವನ ಹೆಸರು ಸೇರಿತು. ಟ್ರೋಫಿ ಮಾತ್ರ ಇನ್ನೂ ಬಂದಿರಲಿಲ್ಲ. 2021ರ ಆಗಸ್ಟ್ 28ರಂದು, ಅಂದರೆ ಗೆದ್ದು ಐವತ್ತೇಳು ವರ್ಷ ಕಳೆದ ಮೇಲೆ, ಡೇಟೋನಾದಲ್ಲಿ ನಾಸ್ಕಾರ್ ಸಂಸ್ಥೆಯು ಸ್ಕಾಟ್‌ನ ಮನೆಯವರ ಕೈಗೆ ಟ್ರೋಫಿಯೊಂದನ್ನು ಕೊಟ್ಟಿತು.

ಅದಾಗಿ ಮೂವತ್ತೇಳನೆಯ ದಿನ, ಅಕ್ಟೋಬರ್ 4ರಂದು, ಸ್ಕಾಟ್ ಬಿದ್ದ ಅದೇ ಟಾಲಡೀಗಾದಲ್ಲಿ ಬಬ್ಬಾ ವಾಲೇಸ್ ಗೆದ್ದ. ಮೇಲಿನ ದರ್ಜೆಯಲ್ಲಿ ಗೆದ್ದ ಎರಡನೆಯ ಕರಿಯ. ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಮತ್ತು ಆ ಹ್ಯಾಮ್ಲಿನ್ ಸೇರಿ ಕಟ್ಟಿದ ತಂಡದ 23ನೆಯ ನಂಬ್ರದ ಕಾರು ಅವನದು. ಗುಲಾಮಗಿರಿಯ ಪಕ್ಷದವರ ಹಳೆಯ ಬಾವುಟವನ್ನು ಓಟದ ಕಣದಿಂದ ತೆಗೆಯಬೇಕೆಂದು 2020ರಲ್ಲಿ ಬಾಯಿಬಿಟ್ಟು ಹೇಳಿದವನು ಈತ. ಎರಡೇ ದಿನದಲ್ಲಿ ಸಂಸ್ಥೆ ಅದನ್ನು ನಿಷೇಧಿಸಿತು. ಅದಕ್ಕಾಗಿ ಬೈಗುಳವನ್ನೂ ತಿಂದ. ಟಾಲಡೀಗಾದ ಓಟ ಮಳೆಯಿಂದ ಮೊಟಕಾದದ್ದರಿಂದ, ಅದು ಮಳೆ ಕೊಟ್ಟ ಗೆಲುವು ಎಂದು ಮೂಗು ಮುರಿದವರೂ ಇದ್ದರು. 2022ರಲ್ಲಿ ಕನ್ಸಾಸ್‌ನಲ್ಲಿ ಪೂರ್ತಿ ಓಟವನ್ನೇ ಗೆದ್ದ. ಆಮೇಲೆ ಎರಡೂ ಮುಕ್ಕಾಲು ವರ್ಷ ಒಂದೂ ಇಲ್ಲ.

ಇನ್ನು ಸೋದರಳಿಯನ ಮೆಚ್ಚಿನವನು 2021ರ ಚಾಂಪಿಯನ್ ಕೈಲ್ ಲಾರ್ಸನ್. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಫೋನಿನಲ್ಲಿ ಚರ್ಚೆ ಮುಗಿಯುವುದಿಲ್ಲ. 2025ರ ಜುಲೈ 27ರಂದು ಇಂಡಿಯಾನಾಪೊಲಿಸ್‌ನ ಓಟ ನಡೆಯುವಾಗ ಇಲ್ಲಿ ನಡುರಾತ್ರಿ. ಇಲ್ಲಿಯೂ ಮಳೆ, ಅಲ್ಲಿಯೂ ಮಳೆ. ಕೊನೆಯ ಕೆಲವು ಸುತ್ತುಗಳಿರುವಾಗ ಅಲ್ಲಿ ಓಟ ನಿಲ್ಲಿಸಿದರು ಎಂಬಷ್ಟನ್ನು ನೋಡಿ, ಬೆಳಿಗ್ಗೆ ಮೊದಲ ಪೀರಿಯಡ್ ಇದೆಯೆಂದು ನಾನು ಮಲಗಿದೆ. ಎದ್ದು ಫೋನು ತೆಗೆದರೆ ಅವನ ಸಂದೇಶ ಬಂದಿತ್ತು. ಓಟ ಮತ್ತೆ ಶುರುವಾಯಿತಂತೆ, ಹೆಚ್ಚಿನ ಸುತ್ತುಗಳನ್ನು ಎರಡೆರಡು ಸಲ ಕೂಡಿಸಿದರಂತೆ, ವಾಲೇಸ್‌ನ ಟ್ಯಾಂಕಿನಲ್ಲಿ ಪೆಟ್ರೋಲು ಉಳಿಯುವುದೋ ಇಲ್ಲವೋ ಎಂಬ ಸ್ಥಿತಿಯಂತೆ. ಕೊನೆಯಲ್ಲಿ ಹೀಗೆ ಬರೆದಿದ್ದ: "ಮಾವ, ನಿಮ್ಮವನು ಗೆದ್ದ. ನನ್ನವನು ಎರಡನೆಯವ. ಲೆಕ್ಕ ಸರಿಯಾಗಿದೆ, ನೋಡಿಯಾಯಿತು."