ಉಪಗ್ರಹದಿಂದ ಮಣ್ಣಿನ ನಕ್ಷೆ

ಒಂದೇ ಹೊಲದ ಒಂದು ಮೂಲೆಯಲ್ಲಿ ಜೋಳವು ಆಳೆತ್ತರ ಬೆಳೆದು, ಇನ್ನೊಂದು ಮೂಲೆಯಲ್ಲಿ ಮೊಣಕಾಲೆತ್ತರಕ್ಕೇ ಸೊರಗಿ ನಿಂತಿರುವುದನ್ನು ಹಳ್ಳಿಯಿಂದ ಬಂದ ವಿದ್ಯಾರ್ಥಿಗಳು ಕಂಡೇ ಇರುತ್ತಾರೆ. ಬೀಜ ಒಂದೇ, ಮಳೆ ಒಂದೇ, ಗೊಬ್ಬರವೂ ಒಂದೇ, ಭೇದವಿರುವುದು ಮಣ್ಣಿನಲ್ಲಿ. ಸೊರಗಿದ ಮೂಲೆಗೆ ಸುರಿದ ಗೊಬ್ಬರದ ಬಹುಭಾಗ ವ್ಯರ್ಥವಾಗುತ್ತದೆ. ಅದರ ಬೆಲೆ ತೆರುವವನು ರೈತ. ಎಲ್ಲಿ ಎಷ್ಟು ಬೇಕೋ ಅಲ್ಲಿ ಅಷ್ಟನ್ನೇ ಕೊಡಬೇಕಾದರೆ ಮಣ್ಣಿನ ಸೂಕ್ಷ್ಮವಾದ ನಕ್ಷೆ ಬೇಕು.

1:2,50,000 ಪ್ರಮಾಣದ ಮಣ್ಣಿನ ನಕ್ಷೆಯಲ್ಲಿ ಒಂದು ಚದರ ಸೆಂಟಿಮೀಟರು ನೆಲದ ಮೇಲಿನ 625 ಹೆಕ್ಟೇರಿಗೆ ಸಮ. ಊರಿನ ಹೊಲಗಳೆಲ್ಲ ಹೆಬ್ಬೆರಳಿನ ಅಡಿಯಲ್ಲಿ ಅಡಗಿಬಿಡುತ್ತವೆ! 2012ರಲ್ಲಿ ವಿಶ್ವಬ್ಯಾಂಕಿನ ನೆರವು ಪಡೆದ ಕರ್ನಾಟಕದ ಸುಜಲ-3 ಜಲಾನಯನ ಯೋಜನೆಯಲ್ಲಿ, ಮೈಲಿಗೆ ಎಂಟು ಅಂಗುಲದ, ಎಂದರೆ 1:7920 ಪ್ರಮಾಣದ ಗ್ರಾಮನಕ್ಷೆಗಳನ್ನು ಉಪಗ್ರಹಚಿತ್ರಗಳೊಡನೆ ಹೊಂದಿಸಿ ಮಣ್ಣಿನ ಸಮೀಕ್ಷೆ ನಡೆಸಲಾಯಿತು. ಇಲ್ಲಿ ಅದೇ ಚದರ ಸೆಂಟಿಮೀಟರು ಸುಮಾರು ಒಂದೂವರೆ ಎಕರೆ ಮಾತ್ರ.

ಉಪಗ್ರಹಕ್ಕೆ ಮಣ್ಣಿನ ಗುಣ ತಿಳಿಯುವುದಾದರೂ ಹೇಗೆ? ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳನ್ನು ನೋಡೋಣ. ಮೊದಲನೆಯದು 2015ರಲ್ಲಿ ಮೇಲೇರಿತು. 786 ಕಿಲೋಮೀಟರು ಎತ್ತರದಿಂದ ಅವು ನೆಲವು ಪ್ರತಿಫಲಿಸಿದ ಬೆಳಕನ್ನು 13 ತರಂಗಪಟ್ಟಿಗಳಾಗಿ ವಿಂಗಡಿಸಿ ಅಳೆಯುತ್ತವೆ. ಜೇಡಿಯಲ್ಲಿ ಅಲ್ಯೂಮಿನಿಯಮ್ಮಿಗೆ ಅಂಟಿದ ಹೈಡ್ರಾಕ್ಸಿಲ್ ಸುಮಾರು 2.2 ಮೈಕ್ರಾನ್ ಅಲೆಯುದ್ದದ ಅವರಕ್ತ ಕಿರಣವನ್ನು ಹೀರುತ್ತದೆ. ಕೆಮ್ಮಣ್ಣಿನ ಕಬ್ಬಿಣದ ಆಕ್ಸೈಡು ನೀಲಿ, ಹಸುರುಗಳನ್ನು ನುಂಗಿ ಕೆಂಪನ್ನು ಬಿಡುತ್ತದೆ. ಹೀಗೆ ಹೀರಿಕೆಯೇ ಮಣ್ಣಿನ ಗುರುತಾಗುತ್ತದೆ.

ಆದರೆ ಬೆಳೆ ಇದ್ದರೆ ಕಾಣುವುದು ಎಲೆಯೇ ಹೊರತು ಮಣ್ಣಲ್ಲ. ಆದುದರಿಂದ ಕೊಯ್ಲಿಗೂ ಬಿತ್ತನೆಗೂ ನಡುವೆ ನೆಲ ಬರಿದಾಗಿರುವ ದಿನಗಳ ಚಿತ್ರಗಳನ್ನು ಹಲವು ವರ್ಷಗಳಿಂದ ಆಯ್ದು ಒಂದಾಗಿ ಜೋಡಿಸುತ್ತಾರೆ. ಹಸುರೆಲೆ ಕೆಂಪನ್ನು ಹೀರಿ ಸಮೀಪದ ಅವರಕ್ತವನ್ನು ಬಲವಾಗಿ ಪ್ರತಿಫಲಿಸುವುದರಿಂದ, ಬರಿನೆಲವನ್ನು ಬೇರ್ಪಡಿಸುವುದು ಕಷ್ಟವಲ್ಲ.

ಕಷ್ಟವಿರುವುದು ಕಪ್ಪುಬಣ್ಣದಲ್ಲಿ. ಒದ್ದೆಯಾದ ಮಣ್ಣೂ ಕಪ್ಪು, ಸಾವಯವ ಇಂಗಾಲ ತುಂಬಿದ ಮಣ್ಣೂ ಕಪ್ಪು. ಶೀತದೇಶಗಳಲ್ಲಿ ಮಣ್ಣು ಕಪ್ಪಾದಷ್ಟೂ ಫಲವತ್ತೆಂಬ ಲೆಕ್ಕ ಬಹುಮಟ್ಟಿಗೆ ಸರಿಹೋಗಬಹುದು. ನಮ್ಮ ದಖನ್ನಿನ ಎರೆಭೂಮಿಯಾದರೋ ಕಡುಕಪ್ಪಾಗಿದ್ದೂ ಇಂಗಾಲದಲ್ಲಿ ಬಡವೇ. ಅಲ್ಲಿಯ ಸೂತ್ರವನ್ನು ಇಲ್ಲಿಗೆ ತಂದರೆ ರೈತನು ಕೊಡಬೇಕಾದ ಗೊಬ್ಬರವನ್ನೇ ಕೊಡದೆ ಕೆಡುತ್ತಾನೆ. ಸ್ಥಳದ ಮಣ್ಣನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸದೆ ರಚಿಸಿದ ನಕ್ಷೆಯನ್ನು ನಾವಂತೂ ನಂಬಲಾರೆವು.

ಇನ್ನೊಂದು ಮಿತಿಯೂ ಉಂಟು. ಈ ಬೆಳಕು ಮಣ್ಣಿನೊಳಕ್ಕೆ ಒಂದು ಮಿಲಿಮೀಟರಿನಷ್ಟೂ ಇಳಿಯದು. ಎರಡು ಗೇಣಿನ ಕೆಳಗೆ ಬಂಡೆಯಿದ್ದರೂ ಉಪಗ್ರಹಕ್ಕೆ ಅದು ಕಾಣದು. ಬೇರಿಗೆ ಬೇಕಾದುದು ಆಳವಲ್ಲವೇ? ಆದಕಾರಣ ಸಮೀಕ್ಷಕರು ಆಯ್ದ ಸ್ಥಳಗಳಲ್ಲಿ ಗುಂಡಿ ತೋಡಿ ಪದರಗಳನ್ನು ಅಳೆಯುತ್ತಾರೆ. ಆ ಅಳತೆಗೂ ಉಪಗ್ರಹದ ಅಂಕಿಗಳಿಗೂ ಇಳಿಜಾರಿಗೂ ಇರುವ ಸಂಬಂಧವನ್ನು ಗಣಕಯಂತ್ರದಿಂದ ಕಂಡುಹಿಡಿದು, ತೋಡದ ಹೊಲಗಳಿಗೂ ಅನ್ವಯಿಸುತ್ತಾರೆ. ಕೆಲವು ಗುಂಡಿಗಳ ಅಳತೆಯನ್ನು ಮಾತ್ರ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿಟ್ಟು, ಸಿದ್ಧವಾದ ನಕ್ಷೆಯನ್ನು ಅವುಗಳೊಡನೆ ಹೋಲಿಸುತ್ತಾರೆ. ಎಲ್ಲಿ ಹೊಂದದೋ ಅಲ್ಲಿ ಮತ್ತೆ ಗುದ್ದಲಿ ಹಿಡಿಯುತ್ತಾರೆ.