ಕಬಿನಿ ದಂಡೆಗೆ ಆನೆ ಬಂದದ್ದು ಹೇಗೆ?

ಏಪ್ರಿಲ್ ತಿಂಗಳ ಇಳಿಹೊತ್ತಿನಲ್ಲಿ ದಮ್ಮನಕಟ್ಟೆಯಿಂದ ಸಫಾರಿಗೆ ಹೊರಟವರಿಗೆ ಕಬಿನಿ ಹಿನ್ನೀರಿನ ದಂಡೆಯಲ್ಲಿ ಆನೆಗಳು ಹಿಂಡು ಹಿಂಡಾಗಿ ಕಾಣಸಿಗುತ್ತವೆ. ಹಿರಿಯ ಹೆಣ್ಣಾನೆ ಮುಂದೆ, ಮರಿಗಳು ನಡುವೆ, ದೂರದಲ್ಲೊಂದು ಒಂಟಿ ಸಲಗ. ಇದು ಅನಾದಿ ಕಾಲದ ನೋಟ ಅನ್ನಿಸುವುದು ಸಹಜ. ಆದರೆ ಈ ದಂಡೆಗೆ ಇನ್ನೂ ಅರವತ್ತು ತುಂಬಿಲ್ಲ.

ಕಬಿನಿ ಇಲ್ಲಿ ಬರೀ ಹೊಳೆಯಾಗಿದ್ದಾಗ ಅದರ ದಡದ ಕಾಕನಕೋಟೆ ಕಾಡು ಹೆಸರಾಗಿದ್ದು ಆನೆ ಹಿಡಿಯುವುದಕ್ಕೆ. 1870ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ ಚಾಮರಾಜನಗರ ಸೀಮೆಯಲ್ಲಿ ಖೆಡ್ಡಾ, ಅಂದರೆ ಆನೆ ಹಿಂಡನ್ನು ಅಟ್ಟಿ ಬೇಲಿಯೊಳಗೆ ಕೂಡಿಹಾಕುವ ಕಾರ್ಯಾಚರಣೆ, ನಡೆಸಿ ಗೆದ್ದ. ಮುಂದೆ ಕಾಕನಕೋಟೆಯ ಖೆಡ್ಡಾ ಮೈಸೂರು ಅರಸರು ಗಣ್ಯ ಅತಿಥಿಗಳಿಗೆ ತೋರಿಸುವ ವೈಭವವಾಯಿತು. ಕಾಡು ಬಲ್ಲ ಕುರುಬರು ಜಾಡು ಹಿಡಿಯುತ್ತಿದ್ದರು. ತಮಟೆ, ಪಂಜು, ಕೂಗಾಟದ ನಡುವೆ ಹಿಂಡು ಹೊಳೆಗಿಳಿದು, ಆಚೆ ದಡದ ದಿಮ್ಮಿಬೇಲಿಯೊಳಗೆ ಸಿಕ್ಕಿಬೀಳುತ್ತಿತ್ತು. ಪಳಗಿದ ಆನೆಗಳ ಮೇಲೆ ಕೂತ ಮಾವುತರು ಹಗ್ಗ ಬಿಗಿಯುತ್ತಿದ್ದರು.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದಕ್ಕೆ ತೆರೆ ಎಳೆದದ್ದು ಆನೆಯ ಮೇಲಿನ ಕರುಣೆಯೊಂದೇ ಅಲ್ಲ, ನೀರು ಕೂಡ. ಬೀಚನಹಳ್ಳಿಯಲ್ಲಿ ಕಬಿನಿಗೆ ಅಡ್ಡಲಾಗಿ ಏಳುತ್ತಿದ್ದ ಅಣೆಕಟ್ಟು 1974ರಲ್ಲಿ ಮುಗಿಯಿತು. ಖೆಡ್ಡಾ ಬಯಲು, ದಟ್ಟ ಕಾಡು, ಊರು, ಹಾಡಿ, ಹೊಲ ಎಲ್ಲವೂ ಮುಳುಗಿದವು. ಜನ ಗಂಟುಮೂಟೆ ಕಟ್ಟಿದರು.

ಕಾಡು ನುಂಗಿದ ಆ ನೀರೇ ಆನೆಗೆ ಮೇವಿನ ಬಯಲು ಮಾಡಿಕೊಟ್ಟಿತು. ಬೇಸಿಗೆಯಲ್ಲಿ ಗದ್ದೆಗೂ ಕುಡಿಯಲಿಕ್ಕೂ ನೀರು ಬಿಟ್ಟಂತೆ ಜಲಾಶಯ ಇಳಿಯುತ್ತದೆ. ತೇವ ಆರದ ಮೆಕ್ಕಲು ಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಅತ್ತ ನಾಗರಹೊಳೆ, ಬಂಡೀಪುರದ ಒಳಗಾಡಿನ ಕೆರೆಗಳು ಬತ್ತಿರುತ್ತವೆ. ಮೇವು, ನೀರು ಎರಡೂ ಒಂದೇ ಕಡೆ ಸಿಕ್ಕರೆ ಆನೆ ಬಾರದಿರುತ್ತದೆಯೇ? ಅದು ಮೇಯುವುದನ್ನು ಹತ್ತಿರದಿಂದ ನೋಡಬೇಕು: ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡವನ್ನು ಮೆಲ್ಲಗೆ ಒದ್ದು ಸಡಿಲಿಸುತ್ತದೆ, ಸೊಂಡಿಲಲ್ಲಿ ಸುತ್ತಿ ಕೀಳುತ್ತದೆ, ಮಣ್ಣು ಉದುರಲೆಂದು ಕಾಲಿಗೆ ಬಡಿದು ಬಾಯಿಗಿಡುತ್ತದೆ.

ನೋಡುವವರು ಬಂದದ್ದು ಆಮೇಲೆ. 1977ರಲ್ಲಿ ಆನೆಗೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ದೊರೆಯಿತು. 1980ರಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಹುಟ್ಟಿತು. ಕಾರಾಪುರದ ಹಳೆಯ ಬೇಟೆ ಬಂಗಲೆಗಳು ಪ್ರವಾಸಿಗರ ತಂಗುದಾಣವಾದವು. ಹಗ್ಗ ಹಿಡಿದ ಕೈಗಳ ಜಾಗಕ್ಕೆ ಕ್ಯಾಮೆರಾ ಹಿಡಿದ ಕೈಗಳು ಬಂದವು.

ಹಾಗಾಗಿ ಈ ಆನೆಜಾತ್ರೆ ಕಾಡಿನದೆಷ್ಟೋ ಕಾವೇರಿ ಕೊಳ್ಳದ ನೀರಿನ ಲೆಕ್ಕಾಚಾರದ್ದೂ ಅಷ್ಟೇ. ಜಲಾಶಯದ ಪೂರ್ಣ ಮಟ್ಟ 2284 ಅಡಿ. ಮುಂಗಾರಿನಲ್ಲಿ ನೀರು ಅತ್ತ ಏರಿದಂತೆ ಹುಲ್ಲು ಮುಳುಗುತ್ತದೆ, ಹಿಂಡುಗಳು ಕಾಡಿನೊಳಗೆ ಚದುರುತ್ತವೆ. ಆಗ ಹೋಗಿ ಆನೆ ಕಾಣಲಿಲ್ಲವೆಂದು ಸಫಾರಿ ಚಾಲಕನ ಮೇಲೆ ರೇಗುವುದು ತರವಲ್ಲ. ಹೊರಡುವ ಮುನ್ನ ಪೇಪರಿನಲ್ಲಿ ಜಲಾಶಯದ ಮಟ್ಟ ನೋಡಿಕೊಂಡರೆ ಸಾಕು.