ಮಾತು ನಿಂತಲ್ಲಿ ಗೋಡೆ ಏಳುತ್ತದೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಹಿರಿಯರ ನುಡಿ. ಮಾತು ಬಲ್ಲವನೆಂದರೆ ಭಾಷಣ ಬಲ್ಲವನೆಂದು ನಾವು ತಿಳಿಯಬಾರದು. ಎದುರಿಗಿದ್ದವನು ಹೇಳಿ ಮುಗಿಸುವವರೆಗೆ ಕೇಳುವ ತಾಳ್ಮೆಯುಳ್ಳವನೇ ಮಾತು ಬಲ್ಲವನು. ಇದಕ್ಕೆ ನಿದರ್ಶನವಾಗಿ ದೂರದ ಉತ್ತರ ಐರ್ಲೆಂಡಿನ ಒಂದು ಸಂಗತಿಯನ್ನು ಸದ್ಭಕ್ತರ ಮುಂದಿಡಬಯಸುತ್ತೇವೆ.

ಆ ನಾಡಿನ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಆರಾಧಿಸುವುದು ಒಬ್ಬನೇ ಕ್ರಿಸ್ತನನ್ನು. ಆದರೂ ನಾಡು ಬ್ರಿಟನ್ನಿನೊಡನೆ ಉಳಿಯಬೇಕೋ, ಐರ್ಲೆಂಡಿನೊಡನೆ ಸೇರಬೇಕೋ ಎಂಬ ಪ್ರಶ್ನೆ ಅವರನ್ನು ಇಬ್ಭಾಗ ಮಾಡಿತು. 1960ರ ದಶಕದ ಕೊನೆಯಿಂದ ಸುಮಾರು ಮೂವತ್ತು ವರ್ಷ ನಡೆದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ರಾಜಧಾನಿ ಬೆಲ್‌ಫಾಸ್ಟಿನಲ್ಲಿ ಕೇರಿ ಕೇರಿಗಳ ನಡುವೆ ಎತ್ತರದ ಗೋಡೆಗಳೆದ್ದವು.

ಅಂಥ ಗೋಡೆಯೊಂದರ ಸಮೀಪದಲ್ಲಿಯೇ ಕ್ಲೋನಾರ್ಡ್ ಎಂಬ ಕ್ಯಾಥೊಲಿಕ್ ಮಠವಿದೆ. 1981ರಲ್ಲಿ ಸೆರೆಮನೆಯಲ್ಲಿ ಉಪವಾಸ ಕೈಗೊಂಡ ಹತ್ತು ಕೈದಿಗಳು ಮಡಿದು ನಾಡೆಲ್ಲ ಕುದಿಯಿತು. ಅದೇ ವರ್ಷ ಈ ಮಠದವರೂ ಫಿಟ್ಜ್‌ರಾಯ್ ಎಂಬ ಪ್ರಾಟೆಸ್ಟಂಟ್ ಚರ್ಚಿನವರೂ ಕೂಡಿ ಕುಳಿತು ಬೈಬಲ್ ಅಧ್ಯಯನ ಆರಂಭಿಸಿದರು. ಯಾರೂ ತಮ್ಮ ಮತವನ್ನು ಬಿಡಲಿಲ್ಲ. ಶಾಂತಿ ಬರಲಿ, ಆಮೇಲೆ ಮಾತನಾಡೋಣವೆಂದು ಕಾಯಲೂ ಇಲ್ಲ.

ಅದೇ ಮಠದ ಪಾದ್ರಿ ಅಲೆಕ್ ರೀಡ್ ಅವರು, ಒಂದೇ ಸಮುದಾಯದವರಾಗಿಯೂ ಮುಖ ತಿರುಗಿಸಿಕೊಂಡಿದ್ದ ಇಬ್ಬರು ನಾಯಕರನ್ನು ಮಾತಿಗೆ ಕೂಡಿಸಿದರು. ಒಬ್ಬರು ಹಿಂಸೆಯನ್ನು ವಿರೋಧಿಸುತ್ತಿದ್ದ ಜಾನ್ ಹ್ಯೂಮ್, ಇನ್ನೊಬ್ಬರು ಸಶಸ್ತ್ರ ಹೋರಾಟವನ್ನು ಬೆಂಬಲಿಸುತ್ತಿದ್ದ ಪಕ್ಷದ ಗೆರಿ ಆಡಮ್ಸ್. 1988ರ ಮಾರ್ಚ್ 19ರಂದು ಶವಯಾತ್ರೆಯೊಂದರ ನಡುವೆ ಸಿಕ್ಕಿಬಿದ್ದ ಇಬ್ಬರು ಬ್ರಿಟಿಷ್ ಸೈನಿಕರ ಹತ್ಯೆಯಾಯಿತು. ಪಾದ್ರಿ ರೀಡ್ ಬೀದಿಯಲ್ಲಿಯೇ ಮಂಡಿಯೂರಿ, ಉಸಿರು ತುಂಬಲು ಯತ್ನಿಸಿ, ಕೊನೆಯ ಪ್ರಾರ್ಥನೆ ಸಲ್ಲಿಸಿದರು. ಹ್ಯೂಮ್ ಅವರಿಗೆ ತಲುಪಬೇಕಾಗಿದ್ದ ಮಾತುಕತೆಯ ಕಾಗದ ಆಗ ಅವರ ಬಳಿಯಲ್ಲಿಯೇ ಇತ್ತು. ಲಕೋಟೆಗೆ ರಕ್ತ ತಾಗಿತ್ತು. ಅವರು ಆ ಕಾಗದವನ್ನು ಹರಿದೆಸೆಯಲಿಲ್ಲ, ತಲುಪಿಸಿದರು.

ಕೊಲೆಗಾರರ ಪಕ್ಷದವರೊಡನೆ ಮಾತೇ ಎಂದು ಹ್ಯೂಮ್ ಅವರನ್ನು ಜರೆದವರು ಬಹಳ. ಆದರೂ ಮಾತು ನಿಲ್ಲಲಿಲ್ಲ. 1994ರಲ್ಲಿ ಎರಡೂ ಕಡೆಯ ಶಸ್ತ್ರಧಾರಿಗಳು ಕದನವಿರಾಮ ಸಾರಿದರು. 1998ರ ಏಪ್ರಿಲ್ 10ರಂದು ಒಪ್ಪಂದವಾಯಿತು. ಜನಮತದಲ್ಲಿ ಉತ್ತರ ಐರ್ಲೆಂಡಿನ ಶೇ. 71ರಷ್ಟು ಮತದಾರರು ಅದಕ್ಕೆ ಒಪ್ಪಿಗೆಯಿತ್ತರು.

ಬೆಲ್‌ಫಾಸ್ಟಿನ ಗೋಡೆಗಳು ಇಂದಿಗೂ ಪೂರ್ಣ ಬಿದ್ದಿಲ್ಲ. ಒಂದು ರಾತ್ರಿಯಲ್ಲಿ ಎದ್ದ ಗೋಡೆಯನ್ನು ಇಳಿಸಲು ಎರಡು ತಲೆಮಾರು ಸಾಲದು. ಸಂವಾದದಿಂದ ಭಿನ್ನಾಭಿಪ್ರಾಯ ಅಳಿಯುವುದೆಂದು ನಾವು ಹೇಳುವುದಿಲ್ಲ. ಆದರೆ ಎದುರಿಗಿರುವವನೂ ಮಗನನ್ನು ಕಳೆದುಕೊಂಡ ತಂದೆ, ನಮ್ಮಂತೆಯೇ ಅಂಜುವ ಮನುಷ್ಯ ಎಂಬ ಅರಿವು ಮೂಡುತ್ತದೆ. ಆ ಅರಿವು ಮೂಡಿದವನ ಕೈ ಕಲ್ಲೆತ್ತಲು ಹಿಂಜರಿಯುತ್ತದೆ.

ಆದಕಾರಣ, ಮಾತು ಬಿಟ್ಟ ಮನೆಯಾಗಲಿ ಮಾತು ಬಿಟ್ಟ ಕೇರಿಯಾಗಲಿ ನಮ್ಮ ಊರಿನಲ್ಲಿದ್ದರೆ, ಅವರೇ ಮೊದಲು ಬರಲೆಂದು ಕಾಯುವುದು ಬೇಡ. ನಾವೇ ಹೋಗಿ ಬಾಗಿಲು ತಟ್ಟೋಣ. ಮೊದಲ ದಿನ ಬಾಗಿಲು ತೆರೆಯದಿದ್ದರೆ ಮರುದಿನವೂ ಹೋಗೋಣ.